ನೇಗಿಲು ನಮಗೆ, ನೊಗ ಅವರಿಗೆ

ನಮ್ಮ ಯಜಮಾನರಿಗೂ ಅವರ ತಮ್ಮನಿಗೂ ಪಾಲು ಮಾಡಿಕೊಟ್ಟ ಪಂಚಾಯ್ತಿದಾರರನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೊಲ ಸಮಪಾಲು, ಪಾತ್ರೆಪಗಡ ಸಮಪಾಲು, ಅಂಗಳ ಸಮಪಾಲು, ಅಂಗಳದ ನಡುವೆ ಒಂದು ಮಣ್ಣಿನ ಗೋಡೆ. ಇದ್ದದ್ದು ಒಂದೇ ಜೊತೆ ಎತ್ತು. ಬೂದ ನಮಗೆ ಬಂತು, ಕೆಂದ ಮೈದುನನಿಗೆ ಹೋಯಿತು. ನೇಗಿಲು ದೊಡ್ಡವನಿಗಿರಲಿ, ನೊಗ ಚಿಕ್ಕವನಿಗಿರಲಿ ಎಂದು ಹೇಳಿ ಎಲೆಅಡಿಕೆ ಹಾಕಿಕೊಂಡು ಎದ್ದು ಹೋದರು. ಎಂಥ ನ್ಯಾಯವಂತರು ನೋಡಿ. ಒಂಟಿ ಎತ್ತಿಗೆ ನೊಗವಿಲ್ಲದ ನೇಗಿಲನ್ನು ಹೇಗೆ ಕಟ್ಟುವುದು ಎಂದು ಒಬ್ಬರಾದರೂ ಕೇಳಬೇಡವೇ? ಕೇಳಬೇಕಾದ ಇಬ್ಬರೂ ಮುಖ ತಿರುಗಿಸಿ ಕೂತಿದ್ದರು. ನಾನೂ ನನ್ನ ಓರಗಿತ್ತಿಯೂ ಬಾಗಿಲ ಹಿಂದೆ ನಿಂತಿದ್ದೆವು. ನಮ್ಮನ್ನು ಕೇಳುವವರು ಯಾರು?

ಇದು ಮಹಾರಾಜರ ಕಾಲದ ಮಾತು. ಮಧುಗಿರಿಗೂ ಕೊರಟಗೆರೆಗೂ ನಡುವೆ ನಮ್ಮ ಊರು. ಜಗಳ ಹುಟ್ಟಿದ್ದು ಹಿತ್ತಲ ಜಾಲಿಮರದ ಒಂದು ಕೊಂಬೆಗೆ. ಮೈದುನ ಅದನ್ನು ಗಾಡಿಯ ಮೂಕಿಮರಕ್ಕೆ ಎಂದು ಕಾದಿರಿಸಿದ್ದ, ಇವರು ಹೇಳದೆ ಕೇಳದೆ ನೇಗಿಲಿಗೆ ಕಡಿದರು. ಅಷ್ಟೇ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರಲ್ಲ, ಅದನ್ನು ಸುಳ್ಳು ಮಾಡಬಾರದು ಎಂದು ಹಟ ಹಿಡಿದವರಂತೆ ಮಾತು ಬಿಟ್ಟರು. ನನ್ನ ತವರು ಪಾವಗಡದ ಕಡೆ. ಸಿಟ್ಟು ಬಂದರೆ ನನ್ನ ಬಾಯಿಗೆ ತೆಲುಗು ಬರುತ್ತದೆ. ಆ ವರ್ಷ ನಾನು ಕನ್ನಡಕ್ಕಿಂತ ತೆಲುಗನ್ನೇ ಹೆಚ್ಚು ಮಾತಾಡಿದೆ.

ಯುಗಾದಿಯ ದಿನ ಊರೆಲ್ಲ ಹೊನ್ನಾರು ಕಟ್ಟಿ ವರ್ಷದ ಮೊದಲ ಸಾಲು ಉತ್ತು ಬಂತು. ನಮ್ಮ ಬೂದ ಹಣೆಗೆ ಕುಂಕುಮ ಹಚ್ಚಿಸಿಕೊಂಡು ಕೊಟ್ಟಿಗೆಯಲ್ಲೇ ನಿಂತಿತ್ತು. ಗೋಡೆಯಾಚೆ ಕೆಂದನೂ ಹಾಗೆಯೇ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ, ನಿಜ. ಆದರೆ ನಮ್ಮ ಕಡೆಯ ಹೊಲದಲ್ಲಿ ಮಳೆಯ ಹದ ಬಹಳ ಹೊತ್ತು ನಿಲ್ಲುವುದಿಲ್ಲ. ಹದವಿದ್ದಾಗ ಉಳದಿದ್ದರೆ ನೆಲ ಮತ್ತೆ ಕಲ್ಲಾಗುತ್ತದೆ, ಆ ವರ್ಷದ ರಾಗಿ ಕೈಬಿಟ್ಟಂತೆಯೇ. ಬೇರೆಯವರ ಎತ್ತು ಕೇಳೋಣವೆಂದರೆ, ಭರಣಿ ಬಿದ್ದ ಮಾರನೆಯ ದಿನ ಯಾರ ಎತ್ತು ತಾನೇ ಸುಮ್ಮನೆ ನಿಂತಿರುತ್ತದೆ? ಮೇಲಾಗಿ ಬೂದ ಎಡಗಡೆಗೆ ಪಳಗಿದ ಎತ್ತು, ಕೆಂದ ಬಲಗಡೆಗೆ. ಒಂದಿಲ್ಲದೆ ಇನ್ನೊಂದು ಹೆಜ್ಜೆ ಕಿತ್ತಿಡುತ್ತಿರಲಿಲ್ಲ.

ಆದರೂ ಮಳೆಗಾಲದ ತಯಾರಿ ಮಾತ್ರ ಎರಡೂ ಮನೆಯಲ್ಲಿ ಪೈಪೋಟಿಯ ಮೇಲೆ ನಡೆಯಿತು. ಇವರು ನೇಗಿಲಿನ ಗುಳವನ್ನು ಕುಲುಮೆಗೆ ಒಯ್ದು ಮೊನೆ ಮಾಡಿಸಿಕೊಂಡು ಬಂದರು. ಅತ್ತ ಮೈದುನ ನೊಗಕ್ಕೆ ಎಣ್ಣೆ ಉಜ್ಜಿದ. ಇವರು ಹೊಳವನಹಳ್ಳಿಯ ಸಂತೆಯಿಂದ ಹೊಸ ಹಗ್ಗ ತಂದರೆ, ಮುಂದಿನ ಸಂತೆಗೆ ಅವನೂ ತಂದ. ಎಳೆಯುವ ಜೋಡಿಯಿಲ್ಲದೆ ಗಾಡಿ ಹೊರಡದು, ಆದ್ದರಿಂದ ತಿಪ್ಪೆಯ ಗೊಬ್ಬರವೆಲ್ಲ ಹೊಲಕ್ಕೆ ಹೋದದ್ದು ನಮ್ಮಿಬ್ಬರು ಹೆಂಗಸರ ತಲೆಯ ಮೇಲೆ. ಬೇರೆ ಬೇರೆ ದಾರಿಯಲ್ಲಿ ಹೊರಟು, ಹುಣಸೆಮರದ ಹತ್ತಿರ ಮಂಕರಿ ಇಳಿಸಿ, ಒಟ್ಟಿಗೆ ಕೂತು ಗಂಡಂದಿರನ್ನು ಬೈದುಕೊಳ್ಳುತ್ತಿದ್ದೆವು. ನಮ್ಮಿಬ್ಬರಲ್ಲೇನೂ ಜಗಳವಿರಲಿಲ್ಲ.

ಮಾಳಿಗೆಯ ಕಥೆ ಕೇಳಬೇಕು. ನಮ್ಮದು ಮಣ್ಣಿನ ಮಾಳಿಗೆ ಮನೆ. ಮಳೆಗೆ ಮೊದಲು ಕೆರೆಯಂಚಿನ ಚೌಳು ಮಣ್ಣು ತಂದು ಮೇಲೆ ಹರಡಿ ತುಳಿದರೆ ಒಂದು ಹನಿ ಒಳಗಿಳಿಯುವುದಿಲ್ಲ. ಇವರು ನಮ್ಮ ಅರ್ಧಕ್ಕೆ ಮಾತ್ರ ಹರಡಿದರು, ಗೆರೆ ಎಳೆದು. ಮೈದುನ ತನ್ನ ಅರ್ಧಕ್ಕೆ ಆ ಗೆರೆಯವರೆಗೆ ಹರಡಿದ. ಉಳಿದದ್ದು ಅಂಗಳದ ಗೋಡೆ. ಹಸಿ ಮಣ್ಣಿನ ಗೋಡೆಯ ತಲೆಯ ಮೇಲೆ ಬಂದ್ರೆ ಗಿಡದ ಸೊಪ್ಪನ್ನೋ ಹುಲ್ಲನ್ನೋ ಹೊದಿಸದಿದ್ದರೆ ಮಳೆಗೆ ಕರಗಿ ಹೋಗುತ್ತದೆ, ಇದು ಊರಿಗೆಲ್ಲ ಗೊತ್ತು. ಹೊದಿಸುವವರು ಯಾರು ಎಂಬ ವಿಚಾರವನ್ನು ಇಬ್ಬರೂ ಎತ್ತುಗಳ ಮೂಲಕ ಇತ್ಯರ್ಥ ಮಾಡಲು ಕೂತರು. ಮಾತು ಬಿಟ್ಟಮೇಲೆ ಅವರ ದಾರಿ ಅದೇ ಆಗಿತ್ತು.

ಬೆಳಗ್ಗೆ ಬೂದನಿಗೆ ಹುಲ್ಲು ಹಾಕುತ್ತ ಇವರು ಗಟ್ಟಿಯಾಗಿ ಹೇಳುವರು: "ಲೇ ಬೂದ, ಗೋಡೆ ಬೇಕೂಂದೋರು ಯಾರ್ಲಾ? ಬೇಕೂಂದೋರೇ ಸೊಪ್ಪು ಹೊದುಸ್ಬೇಕಪ್ಪ."

ಗೋಡೆಯಾಚೆಯಿಂದ ಮೈದುನ ಕೆಂದನಿಗೆ ಹೇಳುವನು: "ನಾವೇನ್ ಕೇಳಿರ್ಲಿಲ್ಲ ಕಣ್ಲಾ ಕೆಂದ. ಕೊಂಬೆ ಕಡ್ದೋರಿಗೆ ಸೊಪ್ಪು ಕಡಿಯೋದೇನ್ ಕಷ್ಟ ಅನ್ನು."

ಎತ್ತುಗಳು ಮೆಲುಕು ಹಾಕುತ್ತಿದ್ದವು. ನಾನು ಒಲೆಯ ಮುಂದೆ ಕೂತು, "ಏಮಿ ಮನುಷುಲಯ್ಯಾ ವೀಳ್ಳು", ಎಂಥ ಮನುಷ್ಯರಪ್ಪ ಇವರು, ಎಂದು ಹಣೆ ಚಚ್ಚಿಕೊಳ್ಳುತ್ತಿದ್ದೆ. ಗೋಡೆ ಬೋಳಾಗಿಯೇ ಉಳಿಯಿತು.

ಭರಣಿ ಬಂದದ್ದು ಮಧ್ಯಾಹ್ನ. ಮಧುಗಿರಿ ಬೆಟ್ಟದ ಕಡೆ ಮೋಡ ಕಪ್ಪಗಾದದ್ದನ್ನು ಕಂಡು ಮೈದುನ, ಒಡೆದುಹೋಗಿದ್ದ ಬದು ಕಟ್ಟಲು ಹೊಲಕ್ಕೆ ಓಡಿದ್ದ. ಇವರು ಜಗುಲಿಯ ಮೇಲೆ ನಿಂತು ಮಳೆ ನೋಡುತ್ತಿದ್ದರು. ಮಾಳಿಗೆ ಸೋರಲಿಲ್ಲ. ಗೋಡೆ ಮಾತ್ರ ನಮ್ಮ ಕಣ್ಣೆದುರಿಗೇ ಕೆಂಪು ನೀರಾಗಿ ಇಳಿಯತೊಡಗಿತು. ಆಮೇಲೆ ಹೊಟ್ಟೆ ಬಿಟ್ಟುಕೊಂಡು ಆಚೆಗೆ ವಾಲಿತು. ಆಚೆ, ಗೋಡೆಯ ಬುಡದಲ್ಲೇ ಕೆಂದನನ್ನು ಕಟ್ಟಿದ್ದರು.

"ಅಕ್ಕಯ್ಯ, ಗೋಡೆ ಬೀಳ್ತೈತೆ ಕಣಕ್ಕ, ಹಗ್ಗ ಬಿಚ್ಚಾಕೆ ಬರ್ತಿಲ್ಲ," ಎಂದು ಓರಗಿತ್ತಿ ಕೂಗಿದಳು. ಹೊಸ ಹಗ್ಗ, ನೆನೆದು ಗಂಟು ಬಿಗಿದುಕೊಂಡಿತ್ತು.

ನಾನು ಇವರ ಮುಖ ನೋಡುವಷ್ಟರಲ್ಲಿ ಇವರು ಜಗುಲಿಯ ಮೇಲೆ ಇರಲಿಲ್ಲ. ಸೂರಿನಲ್ಲಿ ಸಿಕ್ಕಿಸಿದ್ದ ಕುಡುಗೋಲು ಎಳೆದುಕೊಂಡು, ಬಾಗಿಲು ಸುತ್ತಿಕೊಂಡು ಹೋಗದೆ, ಆ ಬೀಳುವ ಗೋಡೆಯನ್ನೇ ಹತ್ತಿ ಹಾರಿದರು. ಒಂದೇಟಿಗೆ ಹಗ್ಗ ಕತ್ತರಿಸಿ ಕೆಂದನ ಕುತ್ತಿಗೆಯನ್ನು ತಬ್ಬಿ ಎಳೆದರು. ಅದು ನಾಲ್ಕು ಹೆಜ್ಜೆ ಸರಿದಿತ್ತು, ಗೋಡೆ ಅದರ ನೀರಿನ ಬಾನಿಯ ಮೇಲೆ ಕುಸಿಯಿತು. ಇವರು ಏನೂ ಆಗದವರಂತೆ ಆ ಮಣ್ಣಿನ ಗುಡ್ಡೆಯ ಮೇಲಿಂದಲೇ ಕೆಂದನನ್ನು ಈಚೆಗೆ ದಾಟಿಸಿ, ಬೂದನ ಬಲಗಡೆಗೆ ತಂದು ಕಟ್ಟಿದರು. ಬೂದ ಅದರ ಕಿವಿಯನ್ನು ನೆಕ್ಕತೊಡಗಿತು. ಮೈಯೆಲ್ಲ ಕೆಸರಾಗಿ ನಿಂತಿದ್ದ ನನ್ನ ಗಂಡನನ್ನು ಕಂಡು ನನಗೆ ಅಷ್ಟು ದಿನದ ಸಿಟ್ಟೆಲ್ಲ ಇಳಿದು ಹೋಯಿತು.

ಮಳೆ ನಿಂತ ಮೇಲೆ ಮೈದುನ ಬಂದ. ಗೋಡೆ ಇಲ್ಲ, ಎತ್ತು ಕಟ್ಟಿದ ಜಾಗದಲ್ಲಿ ಮಣ್ಣಿನ ರಾಶಿ. ಅವನ ಮುಖ ಬಿಳುಚಿಕೊಂಡಿತು. ಆಮೇಲೆ ನಮ್ಮ ಕೊಟ್ಟಿಗೆಯಲ್ಲಿ ಜೋಡಿಯನ್ನೂ, ಅಣ್ಣನ ಕೈಯಲ್ಲಿ ಇನ್ನೂ ಇದ್ದ ಕುಡುಗೋಲನ್ನೂ ಕಂಡ. ಓರಗಿತ್ತಿ ಏನೋ ಹೇಳಹೊರಟಳು, ನಾನು ಸುಮ್ಮನಿರು ಎಂದು ಸನ್ನೆ ಮಾಡಿದೆ. ಅವನು ಒಳಗೆ ಹೋಗಿ ನೊಗವನ್ನು ಹೊತ್ತು ತಂದು ನಮ್ಮ ನೇಗಿಲಿನ ಪಕ್ಕಕ್ಕೆ ಒರಗಿಸಿದ.

"ಹೊತ್ತಾರೆಗೇ ಏಳ್ಬೇಕು ಕಣ್ಲಾ ಕೆಂದ," ಎಂದ.

ಇವರು ಬೂದನ ಬೆನ್ನು ಸವರುತ್ತ ಹೇಳಿದರು: "ಮೊದ್ಲು ಮೇಗ್ಲ ಹೊಲ ಕಣ್ಲಾ ಬೂದ. ಕೆಂಪು ನೆಲ, ಹದ ಬಿರ್ರನೆ ಆರೋಯ್ತದೆ."

ಮೇಗಲ ಹೊಲ ಮೈದುನನ ಪಾಲಿನದು.

ಅವನು ಎತ್ತನ್ನು ಮರೆತು ನೇರ ಅಣ್ಣನನ್ನೇ ಕೇಳಿದ: "ಅಣ್ಣಯ್ಯ, ನಿನ್ ಹೊಲ ಏನಾಗ್ಬೇಕು?"

"ನಾಳಿದ್ದು ಆಯ್ತದೆ ಬುಡ್ಲಾ," ಎಂದರು ಇವರು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಲೆಗೆ ಸೌದೆ ತುರುಕಿದೆ, ಹೊಗೆಯ ನೆಪವಾದರೂ ಇರಲಿ ಎಂದು.

ಮಾರನೆಯ ದಿನ ಗಂಡಸರಿಬ್ಬರೂ ನೊಗ ನೇಗಿಲು ಹೂಡಿ ಆರು ಕಟ್ಟಿಕೊಂಡು ಮೇಗಲ ಹೊಲಕ್ಕೆ ಹೋದರು. ಅವರು ಅತ್ತ ಹೋದ ಕೂಡಲೇ ನಾನೂ ಓರಗಿತ್ತಿಯೂ ಸೆರಗು ಬಿಗಿದು ಮಂಕರಿ ಹಿಡಿದೆವು. ಆ ರಾಶಿಯ ಮಣ್ಣನ್ನೆಲ್ಲ ಹೊತ್ತು ತಿಪ್ಪೆಗೆ ಸುರಿದು, ಅಂಗಳವನ್ನು ಈ ತುದಿಯಿಂದ ಆ ತುದಿಯವರೆಗೆ ಒಂದಾಗಿ ಸಾರಿಸಿ, ನಡುವೆ ಒಂದು ದೊಡ್ಡ ರಂಗೋಲಿ ಹಾಕಿ ಕೂತೆವು. ಸಂಜೆ ಎತ್ತು ಹೊಡೆದುಕೊಂಡು ಬಂದವರು ರಂಗೋಲಿಯ ಮುಂದೆ ನಿಂತುಬಿಟ್ಟರು.

"ಗೋಡೆ ಮಣ್ಣೆಲ್ಲೇ?" ಎಂದರು ನಮ್ಮ ಯಜಮಾನರು.

"ಯಾವ ಗೋಡೆ?" ಎಂದೆ ನಾನು.