ಎರಡನೇ ಕಣ್ಣು

ಪ್ರಕಟವಾಗಲಿದ್ದ ಇಂಗಾಲದ ನಕ್ಷತ್ರಗಳ ಪಟ್ಟಿಯ ಲೇಖಕರಲ್ಲಿ ನನ್ನ ಹೆಸರೂ ಇರುತ್ತದೆಂದು ಗೈಡ್ ಮಾತು ಕೊಟ್ಟಿದ್ದರು. ಆ ಒಂದು ಹೆಸರಿಗಾಗಿ ಎರಡು ವರ್ಷ ಕೊಂಢವಾದಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಪುಣೆಯ ಖಗೋಳ ಸಂಸ್ಥೆಗೆ ಹೋದೆ. ಹೆಸರಿದ್ದರೆ ಪಿಎಚ್‌ಡಿ ಸೀಟಿನ ಆಸೆ. ಇಲ್ಲದಿದ್ದರೆ ನಾನು ತಾತ್ಕಾಲಿಕ ಸಹಾಯಕಿ, ಅಷ್ಟೇ.

ಕೆಲಸ ಹೇಳುವುದಕ್ಕೆ ಸುಲಭ. ದೂರದರ್ಶಕ ಆಕಾಶವನ್ನೆಲ್ಲ ಸರ್ವೆ ಮಾಡಿ ಕಳಿಸಿದ ಮಂಕು ನಕ್ಷತ್ರಗಳ ರೋಹಿತ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಎಳೆದ ಗೆರೆ, ಒಂದೊಂದಾಗಿ ಪರದೆಗೆ ಬರುತ್ತದೆ. ಇಂಗಾಲದ ನಕ್ಷತ್ರವಾದರೆ ಆ ಗೆರೆಯಲ್ಲಿ ಒಂದು ಬದಿ ಕಡಿದಾದ, ಇನ್ನೊಂದು ಬದಿ ಇಳಿಜಾರಾದ ತಗ್ಗುಗಳು. ಕಂಡರೆ ಒಂದು ಗುಂಡಿ ಒತ್ತಬೇಕು, ಇಲ್ಲದಿದ್ದರೆ ಇನ್ನೊಂದು. ಒಬ್ಬರ ಕಣ್ಣು ಸಾಲದೆಂದು ಇಬ್ಬರು ನೋಡಬೇಕು. ಒಬ್ಬರ ಗುರುತನ್ನು ಇನ್ನೊಬ್ಬರು ನೋಡಬಾರದು. ಮೊದಲ ಕಣ್ಣು ನಾನು. ಎರಡನೆಯದು ಗೈಡ್ ಅವರ ವಿದ್ಯಾರ್ಥಿ, ಸ್ವಾರಗೇಟಿನಲ್ಲಿ ಹೋಟೆಲಿಟ್ಟ ಉಡುಪಿ ಕಡೆಯವರ ಮಗ.

ಕೊನೆಗೆ ಇಬ್ಬರ ಗುರುತುಗಳನ್ನು ಹೋಲಿಸುವ ಕೆಲಸವೂ ನನಗೇ ಬಂತು. ಒಂದು ರೋಹಿತದಲ್ಲಿ ತಗ್ಗೇ ಇಲ್ಲ, ಬರೀ ಗೀಚು. ಕಣ್ಣು ಮುಂದಿನದಕ್ಕೆ ಓಡಿ, ನನ್ನ ಬೆರಳು ತಪ್ಪು ಗುಂಡಿ ಒತ್ತಿತ್ತು. ನನ್ನ ತಪ್ಪೇ, ಒಪ್ಪಿದೆ. ಆದರೆ ಅವನದೂ ಅದೇ ಗುರುತು! ಉಳಿದವನ್ನೂ ನೋಡಿದೆ, ಅನುಮಾನದವುಗಳಲ್ಲೂ ಒಂದೂ ವ್ಯತ್ಯಾಸವಿಲ್ಲ.

"ನಂದ ನೋಡಿ ಒತ್ತೀದಿ, ಹೌದಿಲ್ಲೋ?" ಅಂದೆ.

"ಎಂತ ಮಾರಾಯ್ತಿ, ನೀನು ಸರಿಯಾಗಿ ನೋಡ್ತಿ ಅಂತ ನಂಬಿದೆ. ನಂಬಿದ್ದೇ ತಪ್ಪಾ?" ಎಂದು ನಕ್ಕ.

ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಗೈಡ್ ಬಳಿ ಹೋಗಿ ನನ್ನ ತಪ್ಪು, ಅವನ ನಕಲು ಎರಡನ್ನೂ ಹೇಳಿದೆ. ಅವನು ಮೊದಲಿಂದ ನೋಡಲಿ ಎಂದೆ. ಅವರು ಮರಾಠಿಯಲ್ಲಿ ಮೆತ್ತಗೆ, ಈಗ ಸಮಯವಿಲ್ಲ, ಆ ಒಂದನ್ನು ತೆಗೆದುಬಿಡೋಣ, ಜಗಳ ಬೇಡ ಎಂದರು.

ಪಟ್ಟಿ ಪ್ರಕಟವಾಯಿತು. ಲೇಖಕರಲ್ಲಿ ಅವನಿದ್ದಾನೆ, ನಾನಿಲ್ಲ. ಅಷ್ಟರಲ್ಲಿ ನನ್ನ ಕರಾರೂ ಮುಗಿದಿತ್ತು. ಥೂ, ಯಾಕಾದರೂ ಬಾಯಿ ಬಿಟ್ಟೆನೋ!

ಕಟ್ಟಡದ ಕೆಲಸ ಮುಗಿಸಿ ಬಂದ ಅವ್ವ, ಕೈಯ ಸಿಮೆಂಟನ್ನು ಸೆರಗಿಗೆ ಒರೆಸಿಕೊಂಡು ಪಟ್ಟಿ ತೆರೆದಿದ್ದ ನನ್ನ ಮೊಬೈಲಿನತ್ತ ಬಗ್ಗಿದಳು. "ನಿನ್ನ ಹೆಸರ ಎಲ್ಲಿ ಅದ, ತೋರಸವಾ."

ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಎಂಟನೆಯ ಪುಟ ತೆಗೆದೆ. ಅಲ್ಲೊಂದು ಸಾಲಿದೆ: ಮೊದಲ ಪರಿಶೀಲಕರ ತಪ್ಪನ್ನು ಎರಡನೆಯವರು ಪತ್ತೆಹಚ್ಚಿದ್ದರಿಂದ ಒಂದು ನಕ್ಷತ್ರವನ್ನು ಕೈಬಿಡಲಾಗಿದೆ. ಅದರ ಮೇಲೆ ಬೆರಳಿಟ್ಟು "ಇದ ನಾನವ್ವಾ" ಅಂದೆ.

"ಭಾಳ ಛಲೋ ಆತು" ಎಂದು ಅವ್ವ ಮೊಬೈಲನ್ನು ಕಣ್ಣಿಗೊತ್ತಿಕೊಂಡಳು. ನಾನು ತಡೆಯಲಿಲ್ಲ.