ಜುಟ್ಟು ನೋಡಿ ಪಾಲು ಮಾಡಿದ ಮೇಷ್ಟರು

ಗೆಳೆಯರೇ, ಇವತ್ತು ಹಳೇಕೋಟೆಯಲ್ಲಿ ಒಬ್ಬ ಮೇಷ್ಟರ ಮಾನ ಹೋಯಿತು. ಆ ಮೇಷ್ಟರು ನಾನೇ.

ನನ್ನ ನಾಟಿ ಹೇಂಟೆಯನ್ನು ಪಕ್ಕದ ಮನೆಯ ಕಾಳಮ್ಮನಿಗೆ, ಮರಿಗಳಲ್ಲಿ ಅರ್ಧ ಅವಳಿಗೆಂದು, ಪಾಲಿಗೆ ಸಾಕಲು ಕೊಟ್ಟಿದ್ದೆ. ಗ್ರಾಮಸೇವಕರು ಊರಿಗೆ ತಂದುಬಿಟ್ಟ ಬಿಳಿ ಸೀಮೆಹುಂಜದಿಂದ ಅದಕ್ಕೆ ನಾಲ್ಕು ಮರಿಗಳಾದವು. ಅವು ಬೆಳೆದು ದೊಡ್ಡವಾದ ಮೇಲೆ, ಇವತ್ತು ಬೆಳಿಗ್ಗೆ ಪಾಲು ಮಾಡಲು ಕೂತೆವು. ಮೊಟ್ಟೆಯ ಆಸೆ, ನನಗೆ ಹೇಂಟೆಗಳೇ ಬೇಕು.

“ಕೋಳಿ ನಿಮ್ದು, ನೀವೇ ಮೊದ್ಲು ಆರಿಸ್ಕಳಿ ಮೇಷ್ಟ್ರೆ” ಎಂದಳು ಕಾಳಮ್ಮ.

ಎರಡಕ್ಕೆ ಕೆಂಪು ಜುಟ್ಟು ಎದ್ದು ಕಾಣುತ್ತಿತ್ತು. “ಇವು ಹುಂಜ, ನೀನೇ ಇಟ್ಕೊ” ಎಂದು ಉದಾರವಾಗಿ ಬಿಟ್ಟುಕೊಟ್ಟು, ಜುಟ್ಟು ಕಾಣದ ಎರಡನ್ನು ಮನೆಗೆ ತಂದೆ.

ಮಧ್ಯಾಹ್ನ ಅವುಗಳಲ್ಲೊಂದು ಒರಳುಕಲ್ಲು ಹತ್ತಿ, ಕತ್ತು ಚಾಚಿ, ಒಡಕು ದನಿಯಲ್ಲಿ ಕೂಗಿಯೇಬಿಟ್ಟಿತು! ಬದಲಿಸಿಕೊಡೆಂದು ಕಾಳಮ್ಮನ ಬಳಿ ಓಡಿದೆ.

“ಪಾಲಾದ್ಮ್ಯಾಕೆ ಮುಗೀತು ಕಣ್ ಮೇಷ್ಟ್ರೆ. ಸೀಮೆ ಜಾತೀಲಿ ಹ್ಯಾಟೆಗೂ ಜುಟ್ಟು ಬತ್ತದೆ. ನಾಟಿ ತಾಯಿನ್ ಹೋಲೋ ಹುಂಜಕ್ಕೆ ಜುಟ್ಟು ಬರಾದು ತಡ.”

“ಗೊತ್ತಿದ್ದೂ ಯಾಕೆ ಹೇಳಲಿಲ್ಲ?”

“ಓದ್ದೋರ್ಗೆ ನಾನೇನ್ ಯೋಳ್ಲಿ?”

ಈಗ ಉಳಿದ ಇನ್ನೊಂದರ ಮುಂದೆ ಕೂತು, ಎದ್ದು, ಮತ್ತೆ ಕೂತು ಕಾಯುತ್ತಿದ್ದೇನೆ. ಅದು ಕತ್ತೆತ್ತಿದರೆ ಸಾಕು, ಮುಂದೆ ಒಂದು ಹಿಡಿ ಅಕ್ಕಿ ಎರಚುತ್ತೇನೆ. ಇಷ್ಟು ವರ್ಷದ ಮೇಷ್ಟರಿಕೆಯಲ್ಲಿ, ಬಾಯಿ ಮುಚ್ಚಿಕೊಂಡಿರು ಎಂದು ಯಾರನ್ನೂ ಹೀಗೆ ಬೇಡಿಕೊಂಡಿರಲಿಲ್ಲ.