ತಲೆಗಳು ಹೋದ ದಾರಿಯಲ್ಲಿ ಕತ್ತರಿ ಮಾಮ

ಗಾಜಿನ ಕಾರ್ಖಾನೆಯ ಕುಲುಮೆ ಆರಿದ ದಿನ ಕತ್ತರಿ ಮಾಮನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ಷೌರ ಬೇಕಾಗಿದ್ದವರು ಇಬ್ಬರೋ ಮೂವರೋ. ಉಳಿದವರು ಎಲ್ಲಿಗೆ ಹೋಗುವುದೆಂದು ತಿಳಿಯದೆ ಬಂದು, ಕನ್ನಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರು.

"ಇನ್ನೊಂದು ತಿಂಗಳಲ್ಲಿ ಮತ್ತೆ ಹೊತ್ತಿಸ್ತಾರೆ" ಎಂದ ಒಬ್ಬ.

ಕುಲುಮೆಯ ಮೇಸ್ತ್ರಿ ಇಲ್ಲವೆಂಬಂತೆ ಕೈ ಆಡಿಸಿದ. "ಒಳಗಿದ್ದ ಗಾಜೆಲ್ಲ ಕಲ್ಲಾಗಿದೆ. ಒಡೆದು ತೆಗೀಬೇಕು. ಜನ ಪ್ಲಾಸ್ಟಿಕ್ ಬಾಟ್ಲಿ ಹಿಡ್ಕೊಂಡು ಓಡಾಡೋ ಕಾಲದಲ್ಲಿ ಅದನ್ನ ಯಾರು ಒಡೆಸ್ತಾರೆ?"

ಕಾರ್ಖಾನೆಯ ಗೇಟಿಗೆ ಎದುರಾಗಿ ಮಾಮ ಇಪ್ಪತ್ತೆಂಟು ವರ್ಷದಿಂದ ಅಂಗಡಿ ಇಟ್ಟಿದ್ದ. ಊರಿನ ತಲೆಗಳೆಲ್ಲ ಅವನಿಗೆ ಬಾಯಿಪಾಠ. ಯಾರಿಗೆ ಎರಡು ಸುಳಿ, ಯಾರ ಕಿವಿಯ ಹಿಂದೆ ಹಳೇ ಹೊಲಿಗೆಯ ಗುರುತು, ಎಲ್ಲ ಗೊತ್ತು. ಬೆಂಕಿಯ ಮುಂದೆ ದುಡಿಯುವವರ ಮುಂದಲೆ ಸೀದಿರುತ್ತಿತ್ತು, ಹುಬ್ಬು ಹೆಸರಿಗಷ್ಟೇ ಇರುತ್ತಿತ್ತು. ಆ ಸೀದ ತುದಿಗಳನ್ನು ಮೆದುವಾಗಿ ಕತ್ತರಿಸುವ ಕೈ ಸುತ್ತಮುತ್ತ ಬೇರೆ ಯಾರಿಗೂ ಇರಲಿಲ್ಲ.

ಮೊದಲು ಹೋದವರು ಮದುವೆಯಾಗದ ಹುಡುಗರು. ಒಂದೊಂದು ಚೀಲ, ಯಾರದೋ ಫೋನ್ ನಂಬರು, ಅಷ್ಟೇ. ಆಮೇಲೆ ಹೆಂಡತಿ ಮಕ್ಕಳನ್ನು ಬಿಟ್ಟು ಗಂಡಸರು ಹೊರಟರು. ಕೆಲವರು ಕಟ್ಟಡದ ಕೆಲಸಕ್ಕೆ ಹೋಗಿ ಮಳೆ ಹಿಡಿದಾಗ ಬರುತ್ತಿದ್ದರು, ಮಳೆ ಬಿಟ್ಟಾಗ ಮತ್ತೆ ಹೊರಡುತ್ತಿದ್ದರು. ಎರಡು ವರ್ಷ ಹೀಗೆ ಓಡಾಡಿ ಬೇಸತ್ತವರು ಸಂಸಾರವನ್ನೇ ಲಾರಿಗೆ ಹೇರಿಕೊಂಡು ಹೋದರು. ಮಾಮನ ಮಗಳೂ ಗಂಡನ ಊರಿಗೆ ಹೋಗಿ ಆರು ವರ್ಷವಾಗಿತ್ತು. ಮದುವೆಯಾಗಿ ಹೋದವಳನ್ನು ಮಾತ್ರ ಊರು ಬಿಟ್ಟವಳೆಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹೋಗುವ ಹಿಂದಿನ ದಿನ ಎಲ್ಲರೂ ಮಾಮನ ಹತ್ತಿರ ತಲೆ ಕೊಟ್ಟು ಹೋಗುತ್ತಿದ್ದರು. "ಚೆನ್ನಾಗಿ ಗಿಡ್ಡ ಮಾಡು ಮಾಮ, ಅಲ್ಲಿ ಯಾವಾಗ ಪುರುಸೊತ್ತು ಸಿಗುತ್ತೋ." ಮಾಮ ಕತ್ತರಿಸುತ್ತಿದ್ದ. ಹೀಗೆ ಗಿಡ್ಡ ಮಾಡಿ ಮಾಡಿ, ನಾಲ್ಕನೇ ವರ್ಷಕ್ಕೆ ಊರಲ್ಲಿ ಮುದುಕರಷ್ಟೇ ಉಳಿದು, ಅಂಗಡಿಗೆ ಬರುವ ತಲೆಗಳಲ್ಲಿ ಅರ್ಧಕ್ಕೆ ಕೂದಲೇ ಇರಲಿಲ್ಲ.

ಅವನ ಹೆಂಡತಿ ಆರೋಗ್ಯ ಕೇಂದ್ರದಲ್ಲಿ ದಾದಿ. ವರ್ಗವಾಗಿ ಈ ಊರಿಗೆ ಬಂದು, ಇವನನ್ನು ಕಟ್ಟಿಕೊಂಡು ಇಲ್ಲೇ ಉಳಿದವಳು. ಒಂದು ಬೆಳಿಗ್ಗೆ ಸಮವಸ್ತ್ರಕ್ಕೆ ಪಿನ್ನು ಚುಚ್ಚಿಕೊಳ್ಳುತ್ತ ಕೇಳಿದಳು.

"ಏನ್ರೀ ಮಾಡ್ತೀರಾ ಈಗ?"

"ನೋಡ್ಬೇಕು" ಎಂದ ಮಾಮ.

ನೋಡಲು ಏನೂ ಉಳಿದಿರಲಿಲ್ಲ. ಐವತ್ತೆರಡನೇ ವಯಸ್ಸಿನಲ್ಲಿ ಅಂಗಡಿಗೆ ಬೀಗ ಹಾಕಿ, ತನ್ನ ಗಿರಾಕಿಗಳು ಹೋದ ಬಸ್ಸನ್ನೇ ಹತ್ತಿದ.

ನಗರದಲ್ಲಿ ಮೇಸ್ತ್ರಿ ಅವನನ್ನು ತನ್ನ ಕೋಣೆಗೆ ಸೇರಿಸಿಕೊಂಡ. ಆರು ಜನಕ್ಕೆ ಒಂದೇ ಕಿಟಕಿ. ನೂರು ಜನರನ್ನು ಗದರಿಸಿ ಕೆಲಸ ತೆಗೆಯುತ್ತಿದ್ದ ಮೇಸ್ತ್ರಿ ಈಗ ಒಂದು ವಸತಿ ಕಟ್ಟಡದ ಗೇಟು ಕಾಯುತ್ತಿದ್ದ, ಕಾರು ಬಂದರೆ ಎದ್ದು ನಿಲ್ಲುತ್ತಿದ್ದ. ಮಾಮನಿಗೆ ಒಂದು ದೊಡ್ಡ ಸಲೂನಿನಲ್ಲಿ ಕೆಲಸ ಸಿಕ್ಕಿತು. ದಿನಕ್ಕೆ ಹತ್ತು ಗಂಟೆ ನಿಂತೇ ಇರಬೇಕು. ಮೊದಲ ವಾರದಲ್ಲೇ ಮ್ಯಾನೇಜರ್ ಹುಡುಗಿ ಪಕ್ಕಕ್ಕೆ ಕರೆದಳು.

"ಅಂಕಲ್, ನಿಮ್ಮ ಕೈ ಚೆನ್ನಾಗಿದೆ. ಆದ್ರೆ ಕಸ್ಟಮರ್ ಹತ್ರ ಮನೆ ವಿಚಾರ ಎಲ್ಲ ಕೇಳ್ಬೇಡಿ. ದೂರು ಬಂದಿದೆ."

ಅಂದಿನಿಂದ ಮಾಮ ಬಾಯಿಗೆ ಬೀಗ ಹಾಕಿಕೊಂಡ. ತಲೆಗಳು ಬಂದವು, ಹೋದವು. ಒಂದರ ಸುಳಿಯೂ ನೆನಪಿನಲ್ಲಿ ನಿಲ್ಲಲಿಲ್ಲ.

ವಾರದ ರಜೆಯಲ್ಲಿ ಮಾತ್ರ ಊರಿನವರೆಲ್ಲ ಅವನಿದ್ದ ಕಟ್ಟಡದ ತಾರಸಿಗೆ ಬರುತ್ತಿದ್ದರು. ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಒಬ್ಬೊಬ್ಬರೇ ಕೂರುತ್ತಿದ್ದರು. ಒಮ್ಮೆ ಮೇಸ್ತ್ರಿಯ ಗಲ್ಲ ಹಿಡಿದೆತ್ತಿದ ಮಾಮ ಅಲ್ಲೇ ತಡೆದ.

"ಇದೇನೋ, ನಿಂಗೆ ಹುಬ್ಬು ಬಂದಿದೆ."

"ಊರು ಬಿಟ್ಟಿದ್ದಕ್ಕೆ ಅದೊಂದು ಬಂತು ನೋಡು" ಎಂದ ಮೇಸ್ತ್ರಿ. ಎಲ್ಲರೂ ನಕ್ಕರು. ನಗುತ್ತಲೇ ಒಬ್ಬ ಬಕೆಟ್ಟಿನ ಮೇಲೆ ಕೂತಲ್ಲೇ ತೂಕಡಿಸಿಬಿಟ್ಟ. ಮಾಮ ಅವನನ್ನು ಎಬ್ಬಿಸದೆ, ಒಂದು ಕೈಯಲ್ಲಿ ತಲೆ ಹಿಡಿದು ಇನ್ನೊಂದು ಕೈಯಲ್ಲಿ ಕತ್ತರಿಸಿದ.

ಮೂರು ವರ್ಷ ಮೂರು ತಿಂಗಳಿಗೆ ಕಾಲು ಕೈಕೊಟ್ಟಿತು. ಮೀನಖಂಡದ ನರಗಳು ಗಂಟುಗಂಟಾಗಿ ಎದ್ದಿದ್ದವು. ಫೋನಿನಲ್ಲಿ ಹೆಂಡತಿ ಎಲ್ಲ ಕೇಳಿಸಿಕೊಂಡು, "ಬಂದ್ಬಿಡಿ. ಊರು ಸ್ವಲ್ಪ ಬದಲಾಗಿದೆ" ಎಂದಳು. ಏನು ಬದಲಾಗಿದೆ ಎಂದು ಕೇಳುವಷ್ಟು ತ್ರಾಣ ಮಾಮನಿಗಿರಲಿಲ್ಲ.

ಬಸ್ಸಿಳಿದು ಕಾರ್ಮಿಕರ ಸಾಲುಮನೆಗಳ ನಡುವೆ ನಡೆದು ಬಂದಾಗ ಕಣ್ಣನ್ನೇ ನಂಬಲಾಗಲಿಲ್ಲ. ಪಾಳು ಬಿದ್ದಿದ್ದ ಮನೆಗಳ ಮುಂದೆ ಬಟ್ಟೆ ಒಣಗುತ್ತಿತ್ತು. ಬಾಗಿಲಲ್ಲಿ ಗುರುತಿಲ್ಲದ ಹೆಂಗಸರು ನಿಂತಿದ್ದರು. ಅವನ ಅಂಗಡಿಯ ಬಾಗಿಲೂ ತೆರೆದಿತ್ತು. ಒಳಗೆ ನಲವತ್ತರ ಗಂಡಸೊಬ್ಬ ಕತ್ತರಿಗೆ ಎಣ್ಣೆ ಹಾಕುತ್ತಿದ್ದ.

"ಬನ್ನಿ ಅಣ್ಣಾ, ಕೂತ್ಕೊಳ್ಳಿ" ಎಂದ ಅವನು, ರಾಗ ಎಳೆಯುವ ಬೇರೆ ಸೀಮೆಯ ಮಾತಿನಲ್ಲಿ. "ಹೊಸಬರ ಹಾಗೆ ಕಾಣ್ತೀರಿ. ಯಾವ ಕಡೆಯಿಂದ ಬಂದ್ರಿ?"

ಮಾಮ ಚೀಲ ಕೆಳಗಿಟ್ಟು ಕುರ್ಚಿಯಲ್ಲಿ ಕೂತ. ಆ ಮನುಷ್ಯ ನೊರೆ ಹಚ್ಚುತ್ತ ತಾನೇ ಹೇಳತೊಡಗಿದ. ಅವನದು ಕಡಲ ದಂಡೆಯ ಊರು. ವರ್ಷವರ್ಷವೂ ಕಡಲು ಒಂದೊಂದು ಸಾಲು ಮನೆ ತಿಂದಿತು. ಶಾಲೆಯೂ ಕೊಚ್ಚಿಹೋದ ಮೇಲೆ ಜನ ಊರು ಬಿಟ್ಟರು. ಇಲ್ಲಿ ಮನೆಗಳು ಖಾಲಿ ಇವೆಯೆಂದು ಯಾರೋ ಹೇಳಿದರು. ಅರವತ್ತು ಸಂಸಾರ ಬಂದವು. "ಅಂಗಡಿ ಒಬ್ಬ ದಾದಿಯಮ್ಮಂದು. ಅವರ ಯಜಮಾನ್ರು ನಗರದಲ್ಲಿದ್ದಾರಂತೆ."

"ನಾನೇ" ಎಂದ ಮಾಮ.

ಕತ್ತಿನ ಮೇಲೆ ಕತ್ತಿ ನಿಂತಿತು. ಆಮೇಲೆ ಅವನು ಅದೇ ಹದದಲ್ಲಿ ಕ್ಷೌರ ಮುಗಿಸಿ, ಮುಖ ಒರೆಸಿ, ತನ್ನ ಡಬ್ಬಿಗೆ ಬಾಚಣಿಗೆಗಳನ್ನು ತುಂಬತೊಡಗಿದ.

"ಏನ್ ಮಾಡ್ತಿದ್ದೀಯಾ?"

"ನಿಮ್ಮ ಜಾಗ ಅಣ್ಣಾ. ನಾಳೆಯೊಳಗೆ ಬಿಟ್ಕೊಡ್ತೀನಿ."

"ಬಿಟ್ಟು ಎಲ್ಲಿಗೆ ಹೋಗ್ತೀಯಾ?"

"ನೋಡ್ಬೇಕು."

ಮಾಮ ಕೆನ್ನೆ ಸವರಿಕೊಂಡ. ಒಂದು ಗೀರೂ ಬಿದ್ದಿರಲಿಲ್ಲ. "ಡಬ್ಬಿ ಅಲ್ಲೇ ಇಡು. ನಂಗೆ ಇಡೀ ದಿನ ನಿಲ್ಲಕ್ಕಾಗಲ್ಲ. ಬೆಳಿಗ್ಗೆ ನಾನಿರ್ತೀನಿ, ಊಟ ಆದ್ಮೇಲೆ ನೀನು."

ಮನೆಯಲ್ಲಿ ಹೆಂಡತಿ ಅವನ ಕಾಲಿಗೆ ಪಟ್ಟಿ ಸುತ್ತುತ್ತ, "ಕೋಪ ಬಂತಾ? ಮೊದಲೇ ಹೇಳಿದ್ರೆ ನೀವು ಬರ್ತಿರಲಿಲ್ಲ" ಎಂದಳು.

"ಕೋಪ ಮಾಡ್ಕೊಳ್ಳೋಕೂ ಶಕ್ತಿ ಬೇಕಲ್ವೇನೇ" ಎಂದ ಮಾಮ.

ಹಾಗೇ ನಡೆಯುತ್ತಿದೆ. ಹೊಸ ಮುಖಗಳು ಬೆಳಿಗ್ಗೆ ಬಂದು, ಮಾಮನನ್ನು ಕಂಡು, ಮಧ್ಯಾಹ್ನ ಬರುತ್ತೇವೆಂದು ಹೊರಡುತ್ತವೆ. ಅವನಿಗೆ ಬೇಸರವಾಗುತ್ತದೆ, ಹಾಗೆಂದು ಹೇಳುವುದಿಲ್ಲ. ಇತ್ತೀಚೆಗೆ ಕೆಲವರು ನಿಲ್ಲುತ್ತಿದ್ದಾರೆ. ನಿಂತವರಿಗೆ ಟವೆಲು ಹೊದಿಸಿ, ಮನೆಯಲ್ಲಿ ಯಾರ್ಯಾರಿದ್ದಾರೆ, ಬಿಟ್ಟು ಬಂದದ್ದೇನು ಎಂದು ವಿಚಾರಿಸುತ್ತಾನೆ. ಅವರೂ ನಿಧಾನವಾಗಿ, ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ.